ಪ್ರಾರ್ಥನೆ ಮಧ್ಯದಲ್ಲೇ ಕೈ ಫೋನ್ ಹುಡುಕುತ್ತೆ, ಇನ್ನು ಸಂಡೇ ಸ್ಕೂಲ್ ಮಕ್ಕಳಿಗೆ ಏನಂತ ಹೇಳ್ಲಿ?

ಭಾನುವಾರದ_ಟೀಚರ್

ಎಲ್ಲರಿಗೂ ವಂದನೆಗಳು. ನಾನು ನಮ್ಮ ಚರ್ಚ್ ಸಭೇಲಿ ಸಂಡೇ ಸ್ಕೂಲ್ ದೊಡ್ಡ ಮಕ್ಕಳ ಕ್ಲಾಸ್ ತಗೊಳ್ತೀನಿ, 13ರಿಂದ 16 ವರ್ಷದವ್ರು, ಒಟ್ಟು 11 ಜನ. ಎಲ್ಲರೂ ಫೋನಲ್ಲೇ ಸತ್ಯವೇದ (ಬೈಬಲ್) ತೆಗೆಯೋದು, ನಾನೂ ಅಷ್ಟೇ, ಅದರಲ್ಲಿ ತಪ್ಪೇನಿದೆ ಅಂತಾನೂ ಅನ್ಸಿರ್ಲಿಲ್ಲ. ಹೋದ ತಿಂಗಳು ಒಂದಿನ ಲೂಕ 10 ಓದ್ತಿದ್ವಿ, ಮಾರ್ಥ ಮರಿಯರ ಭಾಗ, ಯೇಸು ಮನೆಗೆ ಬಂದಾಗ ಮರಿಯ ಪಾದದ ಹತ್ರ ಕೂತು ಕೇಳ್ತಾಳೆ, ಮಾರ್ಥ ಒಬ್ಬಳೇ ಕೆಲಸ ಮಾಡ್ತಾಳಲ್ಲ, ಅದು. ಒಬ್ಬ ಹುಡುಗನಿಗೆ ಮುಂದಿನ ವಚನ ನೀನು ಓದಪ್ಪ ಅಂದೆ. ತಲೆ ಎತ್ತಿ "ಯಾವ ಅಧ್ಯಾಯ ಟೀಚರ್?" ಅಂದ. ನನ್ನ ಮುಖಾನೇ ನೋಡ್ತಿದ್ದಾನೆ, ಆದ್ರೆ ಹೆಬ್ಬೆರಳು ಮಾತ್ರ ಸ್ಕ್ರೀನನ್ನ ಇನ್ನೂ ಮೇಲಕ್ಕೆ ತಳ್ತಾನೇ ಇದೆ, ತಳ್ತಾನೇ ಇದೆ, ಅದಕ್ಕೂ ಅವನಿಗೂ ಸಂಬಂಧಾನೇ ಇಲ್ಲವೇನೋ ಅನ್ನೋ ಹಾಗೆ.

ಸಿಟ್ಟು ಬಂತು, ಬೈದೆ. ಮುಂದಿನ ವಾರದಿಂದ ಬಾಗಿಲ ಹತ್ರ ಒಂದು ಶೂ ಡಬ್ಬ ಇಟ್ಟು ಎಲ್ಲರ ಫೋನೂ ಅದಕ್ಕೆ ಹಾಕ್ಸಿ ಅಚ್ಚಾದ ಸತ್ಯವೇದ ಕೈಗೆ ಕೊಟ್ಟೆ. ಇನ್ನೇನು ಎಲ್ಲಾ ಸರಿಹೋಯ್ತು ಅಂದ್ಕೊಂಡೆ, ಏನೂ ಸರಿಹೋಗ್ಲಿಲ್ಲ. ಒಬ್ಬಳು ಗೋಡೆ ಗಡಿಯಾರ ನೋಡ್ತಾಳೆ, ಇನ್ನೊಬ್ಬಳು ಅಧ್ಯಾಯ ಮುಗಿಯೋಕೆ ಎಷ್ಟು ಪುಟ ಇದೆ ಅಂತ ಬೆರಳಲ್ಲಿ ಎಣಿಸ್ತಾಳೆ, ಹಿಂದಿನ ಬೆಂಚಿನವನು ಡಬ್ಬದ ಕಡೆಗೇ ಕಣ್ಣು.

ಅದಕ್ಕಿಂತ ಬೇಜಾರಾಗಿದ್ದು ಅವತ್ತು ರಾತ್ರಿ. ಮಲಗೋ ಮುಂಚೆ ಕರ್ತನ ಪ್ರಾರ್ಥನೆ ಹೇಳ್ತಿದ್ದೆ, ಅನುದಿನದ ಆಹಾರ ಕೊಡು ಅನ್ನೋ ಸಾಲಿನ ಹತ್ರ ಬರೋ ಹೊತ್ತಿಗೆ ನನ್ನ ಕೈ ದಿಂಬಿನ ಕೆಳಗಿದೆ. ಫೋನ್ ರಿಂಗ್ ಆಗಿರ್ಲಿಲ್ಲ, ಮೆಸೇಜೂ ಬಂದಿರ್ಲಿಲ್ಲ. ಆ ಹುಡುಗನ ಹೆಬ್ಬೆರಳು ನೆನಪಾಯ್ತು.

ಇದು ಪಾಪಾನಾ, ಚಟಾನಾ, ಇಲ್ಲಾ ಬರೀ ಮೆದುಳಿನ ಸಮಸ್ಯೆನಾ? ಪ್ರಸಂಗದಲ್ಲಿ ಕೇಳೋದೆಲ್ಲ ಮೊಬೈಲ್ ಸೈತಾನನ ಬಲೆ ಅನ್ನೋದೊಂದೇ. ಅದು ಬಿಟ್ಟು ನಮ್ಮ ಹಿರಿಯರು, ಸಭೆಯ ಹಳಬರು ಈ ಗಮನ ಅನ್ನೋದರ ಬಗ್ಗೆ ಏನಾದ್ರೂ ಹೇಳಿದಾರಾ? ಮತ್ತೆ ಇದನ್ನ ಕಲಿಸೋಕೆ ಆಗುತ್ತಾ?

ಹಳೇಪುಸ್ತಕದ_ಹುಳ

ಸಿಸ್ಟರ್, ನಿಮ್ಮ ಪುಟ ಎಣಿಸೋ ಹುಡುಗಿ ಬಗ್ಗೆ ಓದಿ ನಗು ಬಂತು, ಕ್ಷಮಿಸಿ. ಯಾಕಂದ್ರೆ ಆ ಹುಡುಗಿನ ನಾನು ಮುಂಚೆನೇ ನೋಡಿದೀನಿ, 4ನೇ ಶತಮಾನದಲ್ಲಿ.

ಈಜಿಪ್ಟಿನ ಮರುಭೂಮಿಯಲ್ಲಿ ಎವಾಗ್ರಿಯಸ್ ಅಂತ ಒಬ್ಬ ಸನ್ಯಾಸಿ ಇದ್ದ, 399ರಲ್ಲಿ ತೀರಿಕೊಂಡ. ಮನುಷ್ಯನ್ನ ಕಾಡೋ ಎಂಟು ಕೆಟ್ಟ ಆಲೋಚನೆಗಳು ಅಂತ ಪಟ್ಟಿ ಮಾಡಿದವನು ಅವನೇ, ಅದೇ ಮುಂದೆ ಪಶ್ಚಿಮದ ಸಭೆಯಲ್ಲಿ ಏಳು ಮೂಲ ಪಾಪಗಳಾಯ್ತು. ಆ ಎಂಟರಲ್ಲಿ ಒಂದು ಅಕೀಡಿಯಾ. ಸೋಮಾರಿತನ ಅಂತ ಅನುವಾದ ಮಾಡ್ತಾರೆ, ನನಗೇನೋ ಅದು ಸರಿ ಅನ್ಸಲ್ಲ, ಇದ್ದ ಜಾಗದಲ್ಲಿ ಇರೋಕೆ ಆಗದೆ ಇರೋದು ಅಂದ್ರೆ ಹತ್ರ ಬರುತ್ತೆ. ಅದು ಹಿಡಿದವನು ಹೇಗಿರ್ತಾನೆ ಅಂತ ಬರೀತಾನೆ ನೋಡಿ: ಹೊತ್ತು ಎಷ್ಟಾಯ್ತು ಅಂತ ಸೂರ್ಯನ್ನ ನೋಡ್ತಾನೆ, ಯಾರಾದ್ರೂ ಬರ್ತಾರೇನೋ ಅಂತ ಬಾಗಿಲು ನೋಡ್ತಾನೆ, ಓದೋಕೆ ಕೂತ್ರೆ ಆಕಳಿಸ್ತಾನೆ, ಕಣ್ಣುಜ್ಕೊಳ್ತಾನೆ, ಇನ್ನೆಷ್ಟು ಹಾಳೆ ಇದೆ ಅಂತ ಎಣಿಸ್ತಾನೆ, ಕೊನೆಗೆ ಪುಸ್ತಕ ಮಡಚಿ ತಲೆಗೆ ದಿಂಬು ಮಾಡ್ಕೊಂಡು ಮಲಗ್ತಾನೆ. ಸುತ್ತ ಮರಳು ಬಿಟ್ರೆ ಏನೂ ಇಲ್ಲ ಅವನಿಗೆ, ಚಾರ್ಜರ್ ಎಲ್ಲಿಂದ ಬರ್ಬೇಕು.

ಪಾಪಾನಾ ಅಂತ ಕೇಳಿದ್ರಲ್ಲ, ಅದಕ್ಕೂ ಅವನ ಹತ್ರ ಉತ್ತರ ಇದೆ. ಇಂಥ ಆಲೋಚನೆಗಳು ಬಂದು ಕಾಡ್ತವೋ ಇಲ್ವೋ ಅನ್ನೋದು ನಮ್ಮ ಕೈಲಿಲ್ಲ, ಬಂದವು ಉಳ್ಕೋಬೇಕೋ ಬೇಡ್ವೋ ಅನ್ನೋದು ಮಾತ್ರ ನಮ್ಮ ಕೈಲಿದೆ ಅಂತಾನೆ. ಕೈ ದಿಂಬಿನ ಕೆಳಗೆ ಹೋಗಿದ್ದಕ್ಕೆ ಅಷ್ಟೊಂದು ಕೊರಗ್ಬೇಡಿ. ಆಮೇಲೆ ವಾಪಸ್ ತಂದ್ರಾ ಇಲ್ವಾ, ಅದು ಲೆಕ್ಕ.

ಅದೇ ಕಾಲದ ಉತ್ತರ ಆಫ್ರಿಕಾದ ಸಭಾಪಿತ ಅಗಸ್ಟೀನರೂ ಬಿಷಪ್ ಆದ್ಮೇಲೆ ಇದನ್ನೇ ಒಪ್ಕೊಂಡು ಬರೆದಿದಾರೆ, ಮನೇಲಿ ಕೂತಿದ್ದಾಗ ಹಲ್ಲಿ ನೊಣ ಹಿಡಿಯೋದನ್ನ, ಜೇಡ ಬಲೆಗೆ ಬಿದ್ದದ್ದನ್ನ ಸುತ್ತೋದನ್ನ ಬಾಯಿ ಬಿಟ್ಕೊಂಡು ನೋಡ್ತಾ ಕೂತುಬಿಡ್ತೀನಿ ಅಂತ. ಹಲ್ಲಿ ನೋಡಿದ್ರೆ ಏನು ಪಾಪ ಅನ್ಬಹುದು, ಅವರಿಗೆ ಬೇಜಾರಾಗಿದ್ದು ಇಂಥವು ಪ್ರಾರ್ಥನೆಯನ್ನೂ ಮಧ್ಯದಲ್ಲೇ ಕತ್ತರಿಸಿ ಹಾಕ್ತವೆ ಅನ್ನೋದು.

ಕೋಡ್_ಬರೆಯೋನು

ಹುಳ ಸರ್, ನಿಮ್ಮ ಮಾತು ಚೆನ್ನಾಗಿದೆ, ಆದ್ರೆ ನಾನು ಅರ್ಧ ಮಾತ್ರ ಒಪ್ತೀನಿ. ಆ ಸನ್ಯಾಸಿ ಎದುರು ಸೂರ್ಯ ಇದ್ದ. ಸೂರ್ಯ ಇವನು ಎಷ್ಟು ಸಲ ತನ್ನ ನೋಡ್ದ ಅಂತ ಲೆಕ್ಕ ಇಡ್ತಿರ್ಲಿಲ್ಲ, ಇವನು ನೋಡೋದು ಬಿಟ್ಟ ಅಂದ್ರೆ ಸ್ವಲ್ಪ ಬಣ್ಣ ಬದಲಾಯಿಸಿ ಮತ್ತೆ ಕರೀತಿರ್ಲಿಲ್ಲ.

ಹೇಳೋಕೆ ನಾಚಿಕೆ, ಆದ್ರೂ ಹೇಳ್ತೀನಿ. ನಾನು ಕೆಲವು ವರ್ಷ ಒಂದು ಆಪ್ ಕಂಪನೀಲಿ ನೋಟಿಫಿಕೇಶನ್ ನೋಡ್ಕೊಳ್ಳೋ ಟೀಮಲ್ಲಿದ್ದೆ. ನಮ್ಮ ಕೆಲಸ ಏನು ಗೊತ್ತಾ, ಒಬ್ಬ ಮನುಷ್ಯ ಆಪ್ ತೆಗೀದೆ ಎಷ್ಟು ಗಂಟೆ ಆಯ್ತು ಅಂತ ನೋಡೋದು, ಅವನು ದಿನಾ ಯಾವ ಹೊತ್ತಲ್ಲಿ ಬಿಡುವಾಗಿರ್ತಾನೆ ಅಂತ ನೋಡೋದು, ಸರಿಯಾಗಿ ಆ ಹೊತ್ತಿಗೆ ಒಂದು ಕೆಂಪು ಚುಕ್ಕೆ ಕಳ್ಸೋದು. ಚುಕ್ಕೆ ನೀಲಿ ಇದ್ರೆ ಎಷ್ಟು ಜನ ಒತ್ತುತಾರೆ, ಕೆಂಪಿದ್ರೆ ಎಷ್ಟು, ಎರಡನ್ನೂ ಬೇರೆ ಬೇರೆ ಗುಂಪಿಗೆ ಕಳಿಸಿ ಎಣಿಸ್ತಿದ್ವಿ. ಮುಂಚೆ ಪುಟಕ್ಕೊಂದು ಕೊನೆ ಇರ್ತಿತ್ತು, ಕೊನೆ ಬಂದ್ರೆ ಮನುಷ್ಯ ಒಂದು ಉಸಿರು ಬಿಟ್ಟು ಸಾಕು ಅಂತ ಏಳ್ತಿದ್ದ. ಮುಗೀದೇ ಇರೋ ಸ್ಕ್ರೋಲ್ ಬಂದ್ಮೇಲೆ ಆ ಉಸಿರಿಗೂ ಜಾಗ ಇಲ್ಲ. ಕೆಳಗೆ ಎಳೆದ್ರೆ ಹೊಸದು ಬರುತ್ತೆ, ಒಮ್ಮೊಮ್ಮೆ ಏನೂ ಬರಲ್ಲ, ಒಮ್ಮೊಮ್ಮೆ ಭಾರೀ ಏನೋ ಬರುತ್ತೆ. ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಮಾಡಿ ತೋರಿಸಿದ್ದು ಇದೇ. ಕುಕ್ಕಿದಾಗೆಲ್ಲ ಕಾಳು ಬಿದ್ರೆ ಹಕ್ಕಿ ಹೊಟ್ಟೆ ತುಂಬಿದ್ಮೇಲೆ ಸುಮ್ಮನಾಗುತ್ತೆ, ಯಾವಾಗ ಬೀಳುತ್ತೆ ಗೊತ್ತಿಲ್ಲ ಅಂದ್ರೆ ಕುಕ್ಕುತ್ತಾನೇ ಇರುತ್ತೆ. ಟೀಚರ್, ನಿಮ್ಮ ಹುಡುಗನ ಹೆಬ್ಬೆರಳು ಅದೇ ಕೊಕ್ಕು.

ಹಾಗಾಗಿ 14 ವರ್ಷದ ಹುಡುಗನಿಗೆ ಮನಸ್ಸು ಗಟ್ಟಿ ಮಾಡ್ಕೊ ಅನ್ನೋದು ನನಗೆ ಅನ್ಯಾಯ ಅನ್ಸುತ್ತೆ. ಹುಳ ಸರ್ ಅಗಸ್ಟೀನರನ್ನ ಎತ್ತಿದ್ರಲ್ಲ, ಅವರೇ ಹೇಳೋ ಅವರ ಸ್ನೇಹಿತ ಅಲಿಪಿಯಸ್ ಕಥೆ ನೋಡಿ. ರೋಮಿನಲ್ಲಿ ಲಾ ಓದೋಕೆ ಹೋದವನು, ಕತ್ತಿ ಕಾಳಗದ ಆಟ ಅಂದ್ರೆ ಅಸಹ್ಯ ಪಡೋನು. ಗೆಳೆಯರು ಎಳ್ಕೊಂಡು ಹೋದ್ರು. ನನ್ನ ದೇಹ ಎಳ್ಕೊಂಡು ಹೋಗ್ಬಹುದು, ಮನಸ್ಸನ್ನ ಎಳೆಯೋಕಾಗುತ್ತಾ ಅಂತ ಹೋಗಿ ಕಣ್ಣು ಮುಚ್ಕೊಂಡು ಕೂತ. ಕಣ್ಣೇನೋ ಮುಚ್ದ, ಕಿವಿ ಮುಚ್ಚಲಿಲ್ಲ. ಯಾರೋ ಬಿದ್ದ, ಜನ ಹೋ ಅಂತ ಕೂಗಿದ್ರು, ಏನಾಯ್ತು ಅಂತ ಒಂದೇ ಒಂದು ಸಲ ಕಣ್ಣು ತೆಗೆದ, ಅಷ್ಟೇ. ಆಮೇಲೆ ಇವನೇ ಬೇರೆಯವರನ್ನ ಕರ್ಕೊಂಡು ಹೋಗೋ ಹಾಗಾಯ್ತು. ಆ ಕೂಗು ಇದೆಯಲ್ಲ, ಅದೇ ಈಗಿನ ನೋಟಿಫಿಕೇಶನ್. ಅವನು ತನ್ನ ಶಕ್ತಿ ನಂಬ್ಕೊಂಡು ಕೂತಿದ್ದಕ್ಕೇ ಬಿದ್ದ ಅಂತಾರೆ ಅಗಸ್ಟೀನ್.

ಅದಕ್ಕೇ ಡಬ್ಬ ಇಟ್ಟಿದ್ದು ಸರಿನೇ, ತೆಗೀಬೇಡಿ. ನಾನು ಆ ಕೆಲಸ ಬಿಟ್ಟಿದ್ದು ಮತ್ತಾಯ 18 ಓದಿದ ಒಂದು ರಾತ್ರಿ, ಚಿಕ್ಕವರನ್ನ ಎಡವಿಸೋನ ಕುತ್ತಿಗೆಗೆ ಬೀಸೋ ಕಲ್ಲು ಅನ್ನೋ ಭಾಗ. ಅದರ ಬಗ್ಗೆ ಇನ್ನು ಹೆಚ್ಚಿಗೆ ಬರೆಯಲ್ಲ.

ಕಿವಿಯಿಂದ_ಓದೋನು

ಬ್ರದರ್ಸ್, ನಂದೊಂದು ಮಾತು. ನನಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಈ ಥ್ರೆಡ್ ಕೂಡ ಫೋನೇ ಓದಿ ಹೇಳ್ತಿದೆ. ಬ್ರೈಲ್ ಸತ್ಯವೇದ ನೋಡಿದೀರಾ, ಅದು ಒಂದು ಪುಸ್ತಕ ಅಲ್ಲ, ಒಂದು ಕಪಾಟು. ಪ್ರಯಾಣಕ್ಕೆ ಹೊರಟ್ರೆ ಕೀರ್ತನೆ ತಗೊಂಡು ಹೋಗ್ಲಾ ರೋಮಾಪುರದವರಿಗೆ ಬರೆದ ಪತ್ರಿಕೆ ತಗೊಂಡು ಹೋಗ್ಲಾ ಅಂತ ಯೋಚನೆ ಮಾಡ್ಬೇಕಿತ್ತು. ಫೋನ್ ಬಂದ್ಮೇಲೆ ಪೂರ್ತಿ ಸತ್ಯವೇದ ಜೇಬಲ್ಲಿದೆ. ಯಂತ್ರಾನೇ ಸೈತಾನ ಅನ್ನೋ ಪ್ರಸಂಗ ಕೇಳಿದಾಗೆಲ್ಲ ನನಗೆ ಉರಿಯುತ್ತೆ. ಅಚ್ಚಿನ ಪುಸ್ತಕಾನೂ ಯಂತ್ರದ್ದೇ, ಗುಟೆನ್‌ಬರ್ಗ್ ಸತ್ಯವೇದ ಅಚ್ಚು ಹಾಕಿದ್ದು 1450ರ ದಶಕದಲ್ಲಿ, ಅದಕ್ಕೂ ಮುಂಚೆ ಹೆಚ್ಚಿನ ವಿಶ್ವಾಸಿಗಳು ನನ್ನ ಹಾಗೇ ಕಿವಿಯಿಂದಲೇ ಕೇಳಿದ್ದು.

ಆದ್ರೆ ಸುಳ್ಳು ಹೇಳಬಾರದು. ನಾನು ಸ್ಪೀಡ್ ಎರಡರಷ್ಟು ಇಟ್ಕೊಂಡು ಕೇಳ್ತಿದ್ದೆ. ಒಂದು ಸಲ ಹಾಗೇ ಪೂರ್ತಿ ಹೊಸ ಒಡಂಬಡಿಕೆ ಮುಗಿಸಿ ಸಭೇಲಿ ಸಾಕ್ಷಿ ಬೇರೆ ಹೇಳ್ದೆ. ಆಮೇಲೆ ಒಬ್ಬ ಅಜ್ಜಿ ಬಂದು ಯಾವ ಭಾಗ ಮನಸ್ಸಿಗೆ ಹತ್ತಿತಪ್ಪಾ ಅಂದ್ರು, ನನಗೆ ಒಂದೂ ಬಾಯಿಗೆ ಬರ್ಲಿಲ್ಲ. ಈಗ ಒಂದು ಸಲಕ್ಕೆ ಒಂದು ಅಧ್ಯಾಯ, ಮಾಮೂಲಿ ಸ್ಪೀಡಲ್ಲಿ, ಕೆಲವು ಸಲ ಅದನ್ನೇ ಎರಡು ಸಲ. ಫೋನ್ ಅದೇ, ಬಟನ್ ಬೇರೆ.

ಎರಡು_ಮಕ್ಕಳ_ಅಮ್ಮ

ಸಣ್ಣ ಮಾತು. ಧರ್ಮೋಪದೇಶಕಾಂಡ 6ರಲ್ಲಿ ಮಕ್ಕಳಿಗೆ ಕಲಿಸಿ, ಮನೇಲಿ ಕೂತಾಗ, ದಾರೀಲಿ ನಡೆಯೋವಾಗ, ಮಲಗೋವಾಗ, ಏಳೋವಾಗ ಅಂತ ಇದೆಯಲ್ಲ, ಆ ನಾಲ್ಕೂ ಹೊತ್ತಲ್ಲಿ ನನ್ನ ಕೈಲಿ ಈಗ ಏನಿರುತ್ತೆ ಅಂತ ನೋಡ್ಕೊಂಡೆ. ನಾಲ್ಕೂ ಹೊತ್ತಲ್ಲಿ ಫೋನೇ. ಮತ್ತೆ ಅದಕ್ಕೂ ಮುಂಚಿನ ವಚನದಲ್ಲಿ ಈ ಮಾತುಗಳು ಮೊದಲು *ನಿನ್ನ* ಹೃದಯದಲ್ಲಿರಲಿ ಅಂತಿದೆ, ಮಕ್ಕಳ ಮಾತು ಆಮೇಲೆ. ನನ್ನ ಚಿಕ್ಕವಳು ಏನಾದ್ರೂ ಹೇಳ್ಬೇಕಂದ್ರೆ ಮೊದಲು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸ್ಕೊಳ್ತಾಳೆ, ಆಮೇಲೆ ಬಾಯಿ ತೆಗೀತಾಳೆ. ಅದನ್ನ ಯಾರು ಕಲಿಸಿದ್ರು ಅವಳಿಗೆ, ನಾನೇ ಅಲ್ವಾ. ಟೀಚರ್ ಅವರೇ, ಡಬ್ಬದಲ್ಲಿ ನಿಮ್ಮ ಫೋನೂ ಇತ್ತಾ?

ಗಣಿತದ_ಮೇಷ್ಟ್ರು

ಕಲಿಸೋಕೆ ಆಗುತ್ತಾ ಅನ್ನೋ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ, ಅದಕ್ಕೆ ಬರ್ದೆ. ಸ್ವಲ್ಪ ಉದ್ದ ಆಗುತ್ತೆ, ಮೇಷ್ಟ್ರ ಚಾಳಿ.

ನಾನು ಪ್ರೌಢಶಾಲೇಲಿ ಗಣಿತ ಹೇಳ್ಕೊಡೋನು. ಈಗ ಮಕ್ಕಳು ಲೆಕ್ಕದ ಫೋಟೋ ತೆಗೀತಾರೆ, ಎಐ ಉತ್ತರ ಕೊಡುತ್ತೆ, ಸ್ಟೆಪ್ ಸಮೇತ, ನನಗಿಂತ ಚೆನ್ನಾಗಿ. ಕಾಪಿ ಹೊಡೆದ್ರು ಅಂತ ನನಗೇನೂ ದೊಡ್ಡ ಸಿಟ್ಟಿಲ್ಲ, ಕಾಪಿ ಹಳೇ ರೋಗ. ಹೋಗಿದ್ದು ಬೇರೆ. ಮುಂಚೆ ಒಂದು ತ್ರಿಭುಜ ಎದುರಿಟ್ಕೊಂಡು ಏನೂ ಹೊಳೀದೆ ಇಪ್ಪತ್ತು ನಿಮಿಷ ಕೂರ್ತಿದ್ರಲ್ಲ, ಪೆನ್ಸಿಲ್ ಕಚ್ಚುತಾ, ಅದು ಹೋಯ್ತು. ಆ ಇಪ್ಪತ್ತು ನಿಮಿಷ ದಂಡ ಅಂತ ನಾನೂ ಅಂದ್ಕೊಂಡಿದ್ದೆ.

ಸಿಮೋನ್ ವೇಯ್ ಅಂತ ಫ್ರಾನ್ಸಿನ ಒಬ್ಬ ಹೆಂಗಸು, ಅವರೂ ಟೀಚರೇ, 1943ರಲ್ಲಿ 34ನೇ ವಯಸ್ಸಿಗೇ ತೀರಿಕೊಂಡ್ರು. ಕ್ರಿಸ್ತನನ್ನ ಅಷ್ಟು ಹಚ್ಕೊಂಡಿದ್ರೂ ಸಭೆಯ ಹೊಸಿಲ ಹೊರಗೇ ನಿಂತವರು, ಆ ವಿಷಯಕ್ಕೆ ಈಗ ಜಗಳ ಬೇಡ. ಅವರು 1942ರಲ್ಲಿ ಶಾಲೆ ಓದಿನ ಬಗ್ಗೆ ಒಂದು ಪ್ರಬಂಧ ಬರೆದ್ರು. ಅದರ ತಿರುಳು ಇಷ್ಟು: ಪ್ರಾರ್ಥನೆ ಅಂದ್ರೇನೇ ಗಮನ, ಶಾಲೆಯ ಪಾಠಗಳು ಆ ಗಮನದ ಕೆಳಮಟ್ಟದ ಅಭ್ಯಾಸ, ಹಾಗಾಗಿ ಒಂದು ಜಾಮಿಟ್ರಿ ಲೆಕ್ಕದ ಎದುರು ಒಂದು ಗಂಟೆ ಪ್ರಾಮಾಣಿಕವಾಗಿ ಕೂತು ಉತ್ತರ ಬರದೇ ಇದ್ರೂ ಆ ಗಂಟೆ ವ್ಯರ್ಥ ಅಲ್ಲ, ಅದರ ಬೆಳಕು ಯಾವತ್ತೋ ಪ್ರಾರ್ಥನೇಲಿ ಕಾಣಿಸ್ಕೊಳ್ಳುತ್ತೆ. ನನಗೆ ತುಂಬ ಹಿಡಿಸಿದ್ದು ಇನ್ನೊಂದು ಮಾತು. ಗಮನ ಕೊಡಿ ಅಂದ ತಕ್ಷಣ ಮಕ್ಕಳು ಹುಬ್ಬು ಗಂಟು ಹಾಕಿ, ಉಸಿರು ಬಿಗಿಹಿಡಿದು ಕೂರ್ತಾರೆ, ಎರಡು ನಿಮಿಷ ಬಿಟ್ಟು ಯಾವುದಕ್ಕೆ ಗಮನ ಕೊಟ್ರಿ ಅಂದ್ರೆ ಗೊತ್ತಿಲ್ಲ, ಅವರು ಬರೀ ಸ್ನಾಯು ಬಿಗಿ ಮಾಡಿದ್ದು ಅಂತಾರೆ ಅವರು. ಮಾರನೇ ದಿನಾನೇ ಕ್ಲಾಸಲ್ಲಿ ನೋಡ್ದೆ, ಅಕ್ಷರಶಃ ಹಾಗೇ ಕೂತಿದ್ವು ಪಾಪ!

ಟೀಚರ್ ಅವರೇ, ನಿಮ್ಮ ದಿಂಬಿನ ಕಥೆಗೂ ಅವರ ಹತ್ರ ಜೋಡಿ ಇದೆ. 1941ರಲ್ಲಿ ದ್ರಾಕ್ಷಿ ಕೊಯ್ಲಿನ ಕೆಲಸಕ್ಕೆ ಹೋದಾಗ ಅವರು ಕರ್ತನ ಪ್ರಾರ್ಥನೆಯನ್ನ ಗ್ರೀಕಲ್ಲಿ ಕಲ್ತು ದಿನಾ ಹೇಳ್ತಿದ್ರು, ಪೂರ್ತಿ ಗಮನ ಇಟ್ಟು. ಮಧ್ಯದಲ್ಲಿ ಮನಸ್ಸು ಚೂರು ಆಚೆ ಈಚೆ ಆದ್ರೂ ಮತ್ತೆ ಮೊದಲಿಂದ.

13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೂಡ ಹೀಗೆ ಗಮನ ಇಟ್ಟು ಕಲಿಯೋದನ್ನ ಒಂದು ಸದ್ಗುಣ ಅಂತಾನೇ ಎಣಿಸ್ತಾರೆ, ಆದ್ರೆ ಎಲ್ಲಿಡ್ತಾರೆ ನೋಡಿ, ಬುದ್ಧಿಯ ಪಟ್ಟಿಯಲ್ಲಲ್ಲ, ಸಂಯಮದ ಕೆಳಗೆ, ಊಟ ಪಾನದ ಸಂಯಮ ಇರೋ ಕಡೆ. ತಿಳ್ಕೋಬೇಕು ಅನ್ನೋದೂ ಒಂದು ಹಸಿವು, ಅದಕ್ಕೂ ಹದ ಬೇಕು ಅಂತ. ಅದಕ್ಕೆ ಎರಡು ಮುಖ ಇದೆ ಅಂತಾರೆ. ಮನಸ್ಸು ಕಂಡಿದ್ದಕ್ಕೆಲ್ಲ ಬಾಯಿ ಹಾಕುತ್ತೆ, ಅದನ್ನ ತಡೀಬೇಕು. ದೇಹ ಕಷ್ಟ ಬೇಡ ಅಂತ ಹಿಂದೆ ಸರಿಯುತ್ತೆ, ಅದನ್ನ ಮುಂದೆ ತಳ್ಳಬೇಕು. ಕೋಡ್ ಬರೆಯೋರು ಹೇಳಿದ ಕೆಂಪು ಚುಕ್ಕೆ ಮೊದಲನೇದನ್ನ ಕೆಣಕುತ್ತೆ, ಉತ್ತರ ಬಡಿಸೋ ಎಐ ಎರಡನೇದನ್ನ ಮಲಗಿಸುತ್ತೆ. ವ್ಯಾಟಿಕನ್ 2025ರ ಜನವರಿಯಲ್ಲಿ ಎಐ ಬಗ್ಗೆ ತಂದ ದಾಖಲೆಯಲ್ಲೂ ಈ ದೂರಿದೆ, ಮಕ್ಕಳು ತಾವೇ ಉತ್ತರಕ್ಕೆ ಬರೋ ಹಾಗೆ ಮಾಡೋದು ಬಿಟ್ಟು ಬಹಳಷ್ಟು ಪ್ರೋಗ್ರಾಂಗಳು ಉತ್ತರಾನೇ ಕೊಟ್ಟುಬಿಡ್ತವೆ ಅಂತ.

ಸರಿ, ಕ್ಲಾಸಿಗೆ ಏನು ಮಾಡ್ಬಹುದು. ಅಧ್ಯಾಯ ಮುಗಿಸೋದು ಬಿಡಿ. ಐದೇ ವಚನ ತಗೊಳ್ಳಿ. ನೀವು ನಿಧಾನಕ್ಕೆ ಎರಡು ಸಲ ಓದಿ, ಐದು ನಿಮಿಷ ಸುಮ್ಮನಿರಿ. ಇದರ ಅರ್ಥ ಏನು ಅಂತ ಕೇಳ್ಬೇಡಿ, ಕೇಳಿದ್ರೆ ಪ್ರಸಂಗದಲ್ಲಿ ಕೇಳಿದ್ದನ್ನೇ ಒಪ್ಪಿಸ್ತಾರೆ. ಇಲ್ಲಿ ಏನೇನಿದೆ, ಮುಂಚೆ ನೀನು ಗಮನಿಸದೇ ಇದ್ದಿದ್ದು ಒಂದು ಹೇಳು, ಅಷ್ಟೇ ಕೇಳಿ.

ಕೋಡ್_ಬರೆಯೋನು

ಮೇಷ್ಟ್ರೇ, ಐದು ನಿಮಿಷ ಅಂದ್ರೆ ಈಗಿನ ಮಕ್ಕಳಿಗೆ ಐದು ವರ್ಷ. ಎರಡರಿಂದ ಶುರು ಮಾಡ್ಲಿ.

ಭಾನುವಾರದ_ಟೀಚರ್

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕು ಅನ್ಸ್ತು.

ಮೊದಲು ಅಮ್ಮ ಅವರಿಗೆ: ಇಲ್ಲ, ನನ್ನ ಫೋನ್ ಡಬ್ಬದಲ್ಲಿರ್ಲಿಲ್ಲ. ನನ್ನ ಬ್ಯಾಗಲ್ಲಿತ್ತು, ಟೀಚರ್ ಅಲ್ವಾ ಅಂತ. ಈಗ ಡಬ್ಬದಲ್ಲಿ 12 ಫೋನು. ಮೊದಲನೇ ವಾರ ಒಂದಕ್ಕೊಂದು ತಾಗಿ ಗುರ್ರ್ ಗುರ್ರ್ ಅಂತ ಡಬ್ಬಾನೇ ನಡುಗ್ತಿತ್ತು, ಹನ್ನೊಂದು ತಲೇನೂ ಒಟ್ಟಿಗೆ ಆ ಕಡೆ ತಿರುಗ್ತಿದ್ವು, ಅಲಿಪಿಯಸ್ ಕಥೆ ಹೇಳೋಕೆ ಅದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ ಅಂತ ಅಲ್ಲೇ ಹೇಳ್ದೆ. ಈಗ ಎಲ್ಲರೂ ಸ್ವಿಚ್ ಆಫ್ ಮಾಡೇ ಹಾಕ್ತಾರೆ, ಅದನ್ನ ನಾನು ಹೇಳ್ಲಿಲ್ಲ, ಅವರೇ ಮಾಡಿದ್ದು.

ಅದೇ ಮಾರ್ಥ ಮರಿಯರ ಭಾಗ ಮತ್ತೆ ತಗೊಂಡೆ, ಐದು ವಚನಾನೇ ಇರೋದು. ಮೂರು ನಿಮಿಷ ಮೌನ, ಇಬ್ಬರಿಗೂ ಬೇಜಾರಾಗದೇ ಇರ್ಲಿ ಅಂತ ಮೇಷ್ಟ್ರಿಗೂ ಕೋಡ್ ಬ್ರದರ್‌ಗೂ ಮಧ್ಯ ರಾಜಿ. ಮೊದಲ ವಾರ ಬರೀ ಕೆಮ್ಮು, ಕುರ್ಚಿ ಕಿರುಗುಟ್ಟೋದು, ಒಬ್ಬಳು ನಕ್ಕಳು, ಅವಳ ಹಿಂದೆ ಎಲ್ಲರೂ ನಕ್ಕರು. ಎರಡನೇ ವಾರ ಮತ್ತೆ ಅದೇ ಭಾಗ ಅಂದ್ರೆ "ಮತ್ತೇನಾ" ಅಂತ ಗೊಣಗಿದ್ರು. ಏನು ಕಂಡ್ರಿ ಅಂದೆ. ಪುಟ ಎಣಿಸೋಳು, ಮರಿಯ ಪೂರ್ತಿ ಕಥೇಲಿ ಒಂದು ಮಾತೂ ಆಡಲ್ಲ ಟೀಚರ್ ಅಂದ್ಲು. ಆಮೇಲೆ ಆ ಹೆಬ್ಬೆರಳಿನ ಹುಡುಗ ಕೈ ಎತ್ತಿದ. "ಮಾರ್ಥ ತನ್ನ ತಂಗಿ ಹತ್ರ ಹೇಳೋದೇ ಇಲ್ಲ ಟೀಚರ್, ಪಕ್ಕದಲ್ಲೇ ಕೂತಿದಾಳೆ, ಎದ್ದು ಬಾರೆ ಅನ್ನಬಹುದಿತ್ತು, ಸೀದಾ ಯೇಸು ಹತ್ರ ಹೋಗಿ ಕಂಪ್ಲೇಂಟ್ ಮಾಡ್ತಾಳೆ." ನಾನು ಈ ಭಾಗ ಕಲಿಸೋಕೆ ಶುರು ಮಾಡಿ ಎಷ್ಟೋ ವರ್ಷ ಆಯ್ತು, ನನಗೆ ಇದು ಕಂಡಿರ್ಲಿಲ್ಲ. ಅವನಿಗೆ ಏನು ಉತ್ತರ ಕೊಡ್ಬೇಕು ಗೊತ್ತಾಗ್ದೆ ಹೌದಲ್ವಾ ಅಂದೆ ಅಷ್ಟೇ.

ನನ್ನ ಪ್ರಾರ್ಥನೆ ವಿಷಯ ಕೇಳ್ಬೇಡಿ. ಮೊದಲಿಂದ ಶುರು ಮಾಡೋ ನಿಯಮ ಇಟ್ಕೊಂಡೆ, ನಿನ್ನೆ ಆರು ಸಲ ಶುರು ಮಾಡಿ ಆರನೇ ಸಲ ನಿದ್ದೆ ಬಂತು.

ಹಳೇಪುಸ್ತಕದ_ಹುಳ

ಸಿಸ್ಟರ್, ಆ ಹುಡುಗನಿಗೆ ಇದನ್ನೂ ಹೇಳಿ. 40ನೇ ವಚನದಲ್ಲಿ ಮಾರ್ಥ ಬಹಳ ಕೆಲಸದ ಗಡಿಬಿಡೀಲಿದ್ದಳು ಅನ್ನೋ ಕಡೆ ಗ್ರೀಕ್ ಪದಕ್ಕೆ ಸುತ್ತಲೂ ಎಳೆದಾಡಿಸ್ಕೊಳ್ಳೋದು ಅನ್ನೋ ಅರ್ಥ ಇದೆ, ಒಬ್ಬಳನ್ನೇ ನಾಲ್ಕೂ ಕಡೆಯಿಂದ ಜಗ್ಗಿದ ಹಾಗೆ. ಅಡುಗೆ ಮಾಡಿದ್ದು ತಪ್ಪು ಅಂತ ಯೇಸು ಎಲ್ಲೂ ಹೇಳಲ್ಲ, ಅದನ್ನೂ ನೋಡ್ಲಿ ಅವನು.

ಮುಂದಿನ ವಾರಕ್ಕೆ ಮಾರ್ಕ 8, 22ರಿಂದ 26 ತಗೊಳ್ಳಿ, ಬೇತ್ಸಾಯಿದದ ಕುರುಡ. ಅದೂ ಐದೇ ವಚನ. ಮೊದಲನೇ ಸಲ ಕೈಯಿಟ್ಟಾಗ ಅವನಿಗೆ ಜನ ನಡೆದಾಡೋ ಮರಗಳ ಹಾಗೆ ಕಾಣ್ತಾರೆ.

ಕಿವಿಯಿಂದ_ಓದೋನು

ಆ ಭಾಗ ತಗೊಂಡ್ರೆ ಮಕ್ಕಳಿಗೆ ಒಂದು ಪ್ರಶ್ನೆ ನನ್ನ ಕಡೆಯಿಂದ ಕೇಳಿ ಟೀಚರ್. ಯೇಸು ಅವನ ಕೈ ಹಿಡ್ಕೊಂಡು ಊರಿಂದ ಆಚೆ ಕರ್ಕೊಂಡು ಹೋಗ್ತಾನೆ. ನನ್ನ ಕೈ ಎಷ್ಟೋ ಜನ ಹಿಡಿದು ನಡೆಸಿದಾರೆ, ಅದಕ್ಕೇ ಕೇಳ್ತಿದೀನಿ, ಊರಾಚೆ ತಲುಪೋವರೆಗೂ ಅವರಿಬ್ರೂ ಏನು ಮಾತಾಡಿರ್ಬಹುದು?